ಹವಾಯಿ, 1960: ಒಂದೇ ರಾಜ್ಯದಿಂದ ಮೂರು ಪ್ರಮಾಣಪತ್ರಗಳು ಬಂದದ್ದು ಹೇಗೆ?

ಪ್ರಶ್ನೆ (ಉಪನ್ಯಾಸಕಿ, ಉಡುಪಿ): ಪಿಯುಸಿ ತರಗತಿಯಲ್ಲಿ ಅಮೆರಿಕದ ಎಲೆಕ್ಟೋರಲ್ ಕಾಲೇಜಿನ (ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ, ಅಂದರೆ ಎಲೆಕ್ಟರ್‌ಗಳ, ಮಂಡಲಿ) ಬಗ್ಗೆ ಹೇಳುತ್ತಿದ್ದಾಗ, 1960ರಲ್ಲಿ ಹವಾಯಿ ಮೊದಲು ರಿಪಬ್ಲಿಕನ್ ಪಕ್ಷದ ನಿಕ್ಸನ್‌ಗೆ, ಆಮೇಲೆ ಡೆಮಾಕ್ರಟಿಕ್ ಪಕ್ಷದ ಕೆನಡಿಗೆ ಹೋಯಿತಂತೆ, ಅದು ಹೇಗೆ ಸಾಧ್ಯ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಎಲೆಕ್ಟರ್‌ಗಳು ಮತ ಹಾಕಿ ಮುಗಿಸಿದ ಮೇಲೆ ಫಲಿತಾಂಶ ಬದಲಾಗುವುದೆಂದರೇನು? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1 (ನಿವೃತ್ತ ಅಧ್ಯಾಪಕ, ಮಂಗಳೂರು): ಮೇಡಂ, 1959ರ ಆಗಸ್ಟ್‌ನಲ್ಲಷ್ಟೇ ರಾಜ್ಯವಾಗಿದ್ದ ಹವಾಯಿಗೆ ಅದು ಮೊದಲ ಅಧ್ಯಕ್ಷೀಯ ಚುನಾವಣೆ, ಇದ್ದದ್ದು ಮೂರೇ ಎಲೆಕ್ಟೋರಲ್ ಮತ. ಮೊದಲ ಎಣಿಕೆಯಲ್ಲಿ ನಿಕ್ಸನ್ 141 ಮತಗಳಿಂದ ಮುಂದಿದ್ದರು. ಡೆಮಾಕ್ರಟರು ನ್ಯಾಯಾಲಯಕ್ಕೆ ಹೋಗಿ ಮರುಎಣಿಕೆ ಪಡೆದರು. ಅದು ನಡೆಯುತ್ತಿರುವಾಗಲೇ ಡಿಸೆಂಬರ್ 19 ಬಂದಿತು. ದೇಶದ ಎಲ್ಲ ಎಲೆಕ್ಟರ್‌ಗಳೂ ಅಂದೇ ಮತ ಹಾಕಬೇಕಾದ್ದರಿಂದ, ಗೆದ್ದವರೆಂಬ ಅಧಿಕೃತ ಪ್ರಮಾಣಪತ್ರವಿದ್ದ ರಿಪಬ್ಲಿಕನ್ನರ ಜೊತೆಗೆ, ಅದಿಲ್ಲದ ಡೆಮಾಕ್ರಟರೂ ತಮ್ಮ ಮತಗಳನ್ನು ಬರೆದು ಕಳುಹಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಜೀವ ಇಲ್ಲಿದೆ: ಅಂದು ಅವರು ಸುಮ್ಮನಿದ್ದಿದ್ದರೆ, ಮರುಎಣಿಕೆಯಲ್ಲಿ ಗೆದ್ದರೂ ಎಣಿಸಲು ಮತವೇ ಇರುತ್ತಿರಲಿಲ್ಲ. ಕೊನೆಗೆ ಕೆನಡಿಗೆ 92,410, ನಿಕ್ಸನ್‌ಗೆ 92,295; ಅಂತರ 115. ಡಿಸೆಂಬರ್ 30ರಂದು ನ್ಯಾಯಾಲಯ ಕೆನಡಿಯ ಪರ ತೀರ್ಪಿತ್ತಿತು. ಗವರ್ನರ್ ವಿಲಿಯಂ ಕ್ವಿನ್ ಸ್ವತಃ ರಿಪಬ್ಲಿಕನ್ನರಾದರೂ, ಜನವರಿ 4ರಂದು ಡೆಮಾಕ್ರಟರ ಪರವಾಗಿ ಹೊಸ ಪ್ರಮಾಣಪತ್ರ ಹೊರಡಿಸಿದರು. ಡಿಸೆಂಬರ್ 19ರಂದು ಎರಡೂ ಕಡೆಯವರು ಕಳುಹಿಸಿದ್ದು ಎರಡು, ಮೂರನೆಯದು ಇದೇ.

ಉತ್ತರ 2 (ವಕೀಲ, ಮಂಗಳೂರು): 1961ರ ಜನವರಿ 6ರಂದು ಎಲೆಕ್ಟೋರಲ್ ಮತಗಳನ್ನು ಎಣಿಸಲು ಸೇರಿದ ಕಾಂಗ್ರೆಸ್ಸಿನ (ಅಮೆರಿಕದ ಸಂಸತ್ತಿನ) ಜಂಟಿ ಅಧಿವೇಶನದಲ್ಲಿ ಈ ಮೂರನ್ನೂ ತೆರೆದವರು ಉಪಾಧ್ಯಕ್ಷರಾಗಿದ್ದ ನಿಕ್ಸನ್ನರೇ. ಇದನ್ನು ಪೂರ್ವನಿದರ್ಶನವೆಂದು ಭಾವಿಸಬಾರದೆಂದು ಹೇಳಿ, ಕೆನಡಿಯ ಮತಗಳನ್ನೇ ಎಣಿಸಲು ಅವರು ಸೂಚಿಸಿದರು, ಯಾರೂ ಆಕ್ಷೇಪಿಸಲಿಲ್ಲ. ಇದನ್ನು ನಿಕ್ಸನ್ನರ ದೊಡ್ಡಗುಣವೆಂದು ಹೊಗಳುವವರಿದ್ದಾರೆ. ಆದರೆ ಇಡೀ ದೇಶದ ಎಲೆಕ್ಟೋರಲ್ ಮತಗಳ 303–219ರ ಲೆಕ್ಕದಲ್ಲಿ ಹವಾಯಿಯ ಮೂರು ಕಳೆದರೂ ಕೆನಡಿಗೆ 300 ಉಳಿಯುತ್ತಿತ್ತು, ಬಹುಮತಕ್ಕೆ 269 ಸಾಕಿತ್ತು. ಕಳೆದುಕೊಳ್ಳಲು ಏನೂ ಇಲ್ಲದಾಗ ಉದಾರತೆ ಸುಲಭ. ಬೇಡವೆಂದರೂ ನಿದರ್ಶನವಾಯಿತು: 2000ದ ಅಧ್ಯಕ್ಷೀಯ ಚುನಾವಣೆಯ ಫ್ಲೋರಿಡಾ ಮರುಎಣಿಕೆ ಮೊಕದ್ದಮೆಯ ಭಿನ್ನಮತದ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಟೀವನ್ಸ್ ಹವಾಯಿಯನ್ನೇ ಉಲ್ಲೇಖಿಸಿದರು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದ. 115 ಮತವೆಂದರೆ ಮಕ್ಕಳು ನಂಬಲಿಕ್ಕಿಲ್ಲ. 2004ರಲ್ಲಿ ನಮ್ಮದೇ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರು ಒಂದೇ ಮತದಿಂದ ಗೆದ್ದದ್ದನ್ನು ಮೊದಲು ಹೇಳಿ, ಆಮೇಲೆ ಹವಾಯಿಗೆ ಹೋಗುತ್ತೇನೆ.