ಶಾಲೆಯ ಫುಟ್‌ಬಾಲ್ ಟೀಮಿಗೆ ಸೇರಿದರೆ ಮಕ್ಕಳ ಗುಣ ನಿಜವಾಗಿ ಬೆಳೆಯುತ್ತದಾ?

ಪ್ರಶ್ನೆ: ಎಂಟನೇ ಕ್ಲಾಸಿನ ಅಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗ ಎಂಟನೇ ಕ್ಲಾಸು. ಈ ವರ್ಷ ಶಾಲೆಯ ಫುಟ್‌ಬಾಲ್ ಟೀಮಿಗೆ ಆಯ್ಕೆಯಾದ. ಬೆಳಿಗ್ಗೆ ಆರೂವರೆಗೆ ಪ್ರಾಕ್ಟೀಸ್. ಮೊದಲು ಇವನನ್ನು ಎಬ್ಬಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಈಗ ಅಲಾರಂ ಹೊಡೆಯುವ ಮೊದಲೇ ಎದ್ದು ಸಾಕ್ಸ್ ಹುಡುಕುತ್ತಿರುತ್ತಾನೆ. ಅದನ್ನು ನೋಡಿ ನನಗೆ ತುಂಬಾ ಖುಷಿ.

ಆದರೆ ಇನ್ನೂ ಒಂದು ಮ್ಯಾಚಿನಲ್ಲೂ ಅವನನ್ನು ಇಳಿಸಿಲ್ಲ. ಎರಡನೇ ಗೋಲಿ (ಗೋಲ್ ಕೀಪರ್) ಅಂತೆ, ಬೆಂಚಿನಲ್ಲೇ ಕೂರುತ್ತಾನೆ. ಮ್ಯಾಚ್ ಇದ್ದ ದಿನ ಮನೆಗೆ ಬಂದರೆ ಬ್ಯಾಗ್ ಎಸೆದು ಸುಮ್ನೆ ಮಲಗಿಬಿಡುತ್ತಾನೆ. ಹೋದ ವಾರ ತಂಗಿಗೆ ಒಂದು ಕೆಟ್ಟ ಮಾತು ಬೈದ. ಎಲ್ಲಿ ಕಲಿತೆ ಅಂತ ಕೇಳಿದರೆ, "ಗ್ರೌಂಡಲ್ಲಿ ಎಲ್ಲಾರೂ ಅಂತಾರೆ" ಅಂದ.

ಟೀಮಿನಲ್ಲಿ ಆಡಿದರೆ ಶಿಸ್ತು, ಒಗ್ಗಟ್ಟು, ತಾಳ್ಮೆ ಬರುತ್ತದೆ ಅಂತ ಶಾಲೆಯವರು ಹೇಳುತ್ತಾರೆ. ನಮ್ಮ ಯಜಮಾನರಿಗೆ ಅದರಲ್ಲಿ ನಂಬಿಕೆ ಇಲ್ಲ. ಒಂಬತ್ತನೇ ಕ್ಲಾಸಿಗೆ ಬಂದ ಕೂಡಲೇ ಬಿಡಿಸೋಣ ಅನ್ನುತ್ತಿದ್ದಾರೆ. ಸ್ವತಃ ಆಡಿದವರು, ಆಡಿಸಿದವರು ಇದ್ದರೆ ದಯವಿಟ್ಟು ಹೇಳಿ. ಇದು ನಿಜವಾಗಿ ಆಗುತ್ತದಾ, ಅಥವಾ ಬರೀ ಮಾತಾ?

ಉತ್ತರ: ಇಬ್ಬರು ಗಂಡುಮಕ್ಕಳ ಅಪ್ಪ, ಮೈಸೂರು

ಮೇಡಂ, ಸ್ವಲ್ಪ ಎಚ್ಚರಿಕೆಯಿಂದ ಇರಿ ಅಂತ ಹೇಳಲು ಬರೆಯುತ್ತಿದ್ದೇನೆ. ನನ್ನ ದೊಡ್ಡ ಮಗ ಮೂರು ವರ್ಷ ಶಾಲಾ ಟೀಮಿನಲ್ಲಿದ್ದ. ಅಲ್ಲಿ ಕೋಚ್‌ಗೆ ಬೇಕಾದ ನಾಲ್ಕು ಹುಡುಗರು ಪ್ರಾಕ್ಟೀಸಿಗೆ ಬರಲಿ ಬಿಡಲಿ, ಮ್ಯಾಚಿಗೆ ಮಾತ್ರ ಅವರೇ. ಮಿಕ್ಕ ಮಕ್ಕಳು ನೀರಿನ ಬಾಟಲಿ ಹೊರುವುದು. ಸೋತರೆ ಎಲ್ಲರ ಮುಂದೆ ಒಬ್ಬನ ಹೆಸರು ಹಿಡಿದು ಬೈಗುಳ. ದೊಡ್ಡವರಿಗೆ ಬೇಕಾದವನಾಗಿದ್ದರೆ ಸಾಕು ಅನ್ನುವುದನ್ನು ನನ್ನ ಮಗ ಅಲ್ಲಿ ಕಲಿತ. ಅದನ್ನು ಮರೆಸಲು ನಮಗೆ ಬಹಳ ದಿನ ಬೇಕಾಯಿತು.

ಚಿಕ್ಕವನು ಬೇರೆ ಶಾಲೆ, ಅಲ್ಲೂ ಫುಟ್‌ಬಾಲೇ. ಅಲ್ಲಿಯ ಸರ್ ಎಲ್ಲರನ್ನೂ ಸ್ವಲ್ಪ ಹೊತ್ತಾದರೂ ಆಡಿಸುತ್ತಾರೆ. ಅವನು ಚೆನ್ನಾಗಿದ್ದಾನೆ. ಆಟ ಒಂದೇ, ಮನೆಯೂ ಒಂದೇ. ಹಾಗಾಗಿ ಆಟ ನೋಡಬೇಡಿ, ಆಡಿಸುವವರನ್ನು ನೋಡಿ. ಒಂದು ದಿನ ಬೆಳಿಗ್ಗೆ ಹೋಗಿ ಗ್ರೌಂಡಿನ ಪಕ್ಕ ನಿಂತುಕೊಳ್ಳಿ, ಗೊತ್ತಾಗುತ್ತದೆ.

ಉತ್ತರ: ನಿವೃತ್ತ ಪಿಟಿ ಮೇಷ್ಟ್ರು, ಬೆಂಗಳೂರು

ಮೈಸೂರಿನ ಸರ್ ಹೇಳಿದ್ದು ಸರಿ. ನಾನು ಬೆಂಗಳೂರು ದಂಡಿನ ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಮಕ್ಕಳು ಬರುತ್ತಿದ್ದರು. ಆ ಮಕ್ಕಳಿಗೆ ಬಾಲ್ ಒದೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ, ಗಲ್ಲಿಯಲ್ಲೇ ಕಲಿತು ಬರುತ್ತಾರೆ. ಟೀಮಾಗಿ ಇರುವುದನ್ನು ಮಾತ್ರ ಕಲಿಸಬೇಕು. ಅದು ಬಹಳ ನಿಧಾನದ ಕೆಲಸ.

ಮೇಡಂ, ಒಂದು ಮ್ಯಾಚಿನಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಬಾಲ್ ಇರುವುದು ಹೆಚ್ಚೆಂದರೆ ಕೆಲವು ನಿಮಿಷ. ಉಳಿದ ಹೊತ್ತೆಲ್ಲ ಓಟ. ಇನ್ನೊಬ್ಬನಿಗೆ ಜಾಗ ಆಗಲಿ ಅಂತ ಓಡಬೇಕು, ಇನ್ನೊಬ್ಬ ಬಿಟ್ಟ ಜಾಗ ತುಂಬಲು ಹಿಂದಕ್ಕೆ ಓಡಬೇಕು. ಬಾಲ್ ತನ್ನ ಕಡೆ ಬರಲ್ಲ ಅಂತ ಗೊತ್ತಿದ್ದರೂ ಓಡಬೇಕು. ನೋಡುವವರು ಚಪ್ಪಾಳೆ ಹೊಡೆಯುವುದು ಗೋಲ್ ಹೊಡೆದವನಿಗೆ. ಹದಿಮೂರು ವರ್ಷದ ಹುಡುಗನಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಯಾರೂ ನೋಡದ ಆ ಓಟದಲ್ಲೇ ಮಗು ಬೆಳೆಯುತ್ತದೆ ಅಂತ ನನ್ನ ನಂಬಿಕೆ. ನಿಮ್ಮ ಮಗ ಬೆಂಚಿನಲ್ಲಿದ್ದಾನೆ ಅಂದಿರಿ. ಆ ಓಟದ ಅತಿ ಕಷ್ಟದ ಭಾಗ ಅವನ ಪಾಲಿಗೆ ಬಂದಿದೆ.

ನಮ್ಮ ಟೀಮಿನಲ್ಲೂ ಒಬ್ಬ ಎರಡನೇ ಗೋಲಿ ಇದ್ದ. ಸಣ್ಣ ಹುಡುಗ, ಕೈ ಮಾತ್ರ ಉದ್ದ. ಮೊದಲನೇ ಗೋಲಿ ಅವನಿಗಿಂತ ಬಹಳ ಚೆನ್ನಾಗಿ ಆಡುತ್ತಿದ್ದ. ಹಾಗಾಗಿ ಇವನಿಗೆ ಮ್ಯಾಚ್ ಸಿಗುವುದು ಕಷ್ಟ ಅಂತ ನಾನೇ ಕೂರಿಸಿಕೊಂಡು ಹೇಳಿದ್ದೆ. ಆಮೇಲೆ ಅವನಿಗೆ ಬಾಲ್‌ಗಳ ಜವಾಬ್ದಾರಿ ಕೊಟ್ಟೆ. ಬೇರೆಯವರು ಬೂಟಿನ ಲೇಸ್ ಕಟ್ಟುತ್ತಿರುವಾಗ ಇವನು ಚೀಲ ಬಿಚ್ಚಿ, ಒಂದೊಂದೇ ಬಾಲನ್ನು ಎರಡು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಗಾಳಿ ಕಡಿಮೆ ಇದ್ದರೆ ಸೂಜಿಗೆ ಎಂಜಲು ಹಚ್ಚಿ ಮೆಲ್ಲಗೆ ತಿರುಗಿಸುತ್ತಾ ಒಳಗೆ ಬಿಡುತ್ತಿದ್ದ. ಒಣ ಸೂಜಿ ಚುಚ್ಚಿದರೆ ವಾಲ್ವ್ ಹರಿಯುತ್ತದೆ, ಬಾಲ್ ಹೋದಂತೆಯೇ. ನಮ್ಮಂಥ ಶಾಲೆಗೆ ಒಂದು ಬಾಲ್ ಅಂದರೆ ಸಣ್ಣ ಮಾತಲ್ಲ. ಯಾವ ಬಾಲ್ ಎಷ್ಟು ಹಳೆಯದು, ಯಾವುದು ಒದ್ದರೆ ಎಡಕ್ಕೆ ಎಳೆಯುತ್ತದೆ, ಎಲ್ಲ ಅವನಿಗೆ ಗೊತ್ತಿತ್ತು.

ತಾಲ್ಲೂಕು ಮಟ್ಟದ ಪಂದ್ಯ ಬಂತು. ಮೊದಲನೇ ಗೋಲಿಗೆ ಕಾಮಾಲೆ. ಇವನನ್ನೇ ಇಳಿಸಿದೆವು. ಮೂರು ಗೋಲ್ ಬಿಟ್ಟ, ನಾವು ಸೋತೆವು. ಮೂರನೆಯದು ಅವನ ಕೈಗೆ ಬಂದು ಜಾರಿದ್ದು. ನಮ್ಮ ಇಬ್ಬರು ಡಿಫೆಂಡರ್‌ಗಳು ಅಲ್ಲೇ ಅವನ ಮೇಲೆ ಕೂಗಾಡಿದರು. ನಾನು ಅಲ್ಲಿ ಏನೂ ಹೇಳಲಿಲ್ಲ. ಮಾರನೆಯ ಪ್ರಾಕ್ಟೀಸಿನಲ್ಲಿ ಆ ಇಬ್ಬರನ್ನೂ ಸರದಿಯಂತೆ ಗೋಲ್ ಪೋಸ್ಟಿನ ಕೆಳಗೆ ನಿಲ್ಲಿಸಿ, ಇಡೀ ಟೀಮಿನಿಂದ ಶಾಟ್ ಹೊಡೆಸಿದೆ. ಇಪ್ಪತ್ತನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರ. ಅದರ ಕೆಳಗೆ ಒಬ್ಬನೇ ನಿಂತರೆ ಎಷ್ಟು ದೊಡ್ಡದು ಅಂತ ನಿಂತವನಿಗೇ ಗೊತ್ತು. ಮುಗಿದ ಮೇಲೆ ಇಬ್ಬರೂ ತಾವಾಗಿ ಹೋಗಿ ಅವನ ಹೆಗಲ ಮೇಲೆ ಕೈ ಹಾಕಿದರು. ಆ ಬೆಳಿಗ್ಗೆಯೂ ಬಾಲ್ ಚೀಲ ಹೊತ್ತು ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದವನು ಅವನೇ. ನನ್ನ ಸರ್ವೀಸಿನಲ್ಲಿ ನಾನು ಹೆಮ್ಮೆಪಟ್ಟ ಮಕ್ಕಳಲ್ಲಿ ಅವನಿಗೆ ಮೊದಲ ಜಾಗ.

ಸೋಲಿಗೆ ಕಾರಣನಾದ ಅಂತ ಯಾವ ಹುಡುಗನಾದರೂ ತಲೆ ತಗ್ಗಿಸಿ ಕೂತರೆ ನಾನು 1948ರ ಲಂಡನ್ ಒಲಿಂಪಿಕ್ಸ್ ಕಥೆ ಹೇಳುತ್ತಿದ್ದೆ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಮೊದಲ ಒಲಿಂಪಿಕ್ಸ್ ಟೀಮು. ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದು. ಎದುರಾಳಿ ಫ್ರಾನ್ಸ್. ನಮಗೆ ಎರಡು ಪೆನಾಲ್ಟಿ, ಅಂದರೆ ಗೋಲಿ ಒಬ್ಬನೇ ಎದುರಿಗಿದ್ದಾಗ ಒದೆಯುವ ಅವಕಾಶ, ಸಿಕ್ಕಿತು, ಎರಡೂ ಹೋಯಿತು. 2-1ರಲ್ಲಿ ಸೋತೆವು. ನಮ್ಮ ಆ ಒಂದು ಗೋಲ್ ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮೂರಿನ ಅಹ್ಮದ್ ಖಾನ್ ಕೂಡ ಆ ಟೀಮಿನಲ್ಲಿದ್ದರು. ಪೆನಾಲ್ಟಿ ತಪ್ಪಿಸಿದವರಲ್ಲಿ ಒಬ್ಬರು ಸೈಲೆನ್ ಮನ್ನಾ. ಅವರನ್ನು ಅಲ್ಲಿಗೇ ಕೈಬಿಡಲಿಲ್ಲ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ಗೆ ಅವರೇ ಕ್ಯಾಪ್ಟನ್. ಫೈನಲ್‌ನಲ್ಲಿ ಇರಾನನ್ನು 1-0ರಲ್ಲಿ ಸೋಲಿಸಿ ಚಿನ್ನ ತಂದರು. ಇಷ್ಟು ಹೇಳಿ ನಿಲ್ಲಿಸುತ್ತಿದ್ದೆ. ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಟ್ಟ ಮಾತಿನ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗ್ರೌಂಡು ಅಂದ ಮೇಲೆ ಇದೆಲ್ಲ ಇದ್ದದ್ದೇ ಅನ್ನುವವರ ಮಾತನ್ನು ನಾನು ಒಪ್ಪಲ್ಲ. ಫುಟ್‌ಬಾಲ್ ನಿಯಮದಲ್ಲೇ ಹೊಲಸು ಬೈಗುಳಕ್ಕೆ ರೆಡ್ ಕಾರ್ಡ್ ಇದೆ. ಹೊರಗೆ ಹೋದವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಹಾಗಿಲ್ಲ. ಉಳಿದ ಹತ್ತು ಜನ ಹನ್ನೊಂದು ಜನರ ಓಟ ಓಡಬೇಕು. ಇವನ ಬಾಯಿಗೆ ಅವರ ಕಾಲು ದಂಡ ಕಟ್ಟಬೇಕು. ನಮ್ಮಲ್ಲಿ ಪ್ರಾಕ್ಟೀಸಿನಲ್ಲೂ ಇದೇ ಲೆಕ್ಕ. ಯಾರು ಬೈದರೂ, ಕ್ಯಾಪ್ಟನ್ ಆದರೂ, ಆಚೆ. ಅವನ ಕಡೆಯವರು ಒಬ್ಬ ಕಡಿಮೆ ಇಟ್ಟುಕೊಂಡೇ ಆಡಬೇಕು. ಹೊಡೆತ ಬೈಗುಳ ಯಾವುದೂ ಬೇಕಾಗುತ್ತಿರಲಿಲ್ಲ, ಗೆಳೆಯರೇ ನೋಡಿಕೊಳ್ಳುತ್ತಿದ್ದರು. ನಿಮ್ಮ ಶಾಲೆಯ ಸರ್ ಹತ್ತಿರ ಈ ಮಾತನ್ನು ಧೈರ್ಯವಾಗಿ ಎತ್ತಿ.

ಉತ್ತರ: ಮಂಗಳೂರಿನ ನರ್ಸಕ್ಕ

ನಾನು ಹೈಸ್ಕೂಲಿನಲ್ಲಿ ಹುಡುಗಿಯರ ಟೀಮಿನಲ್ಲಿ ಆಡಿದವಳು. ಆಗ ಹುಡುಗಿಯರ ಟೀಮು ಅಂದರೆ ಹನ್ನೊಂದು ಜನ ಸೇರಿಸುವುದೇ ದೊಡ್ಡ ಕೆಲಸ. ಈಗ ಶಾಲಾ ಮಕ್ಕಳ ಫುಟ್‌ಬಾಲ್ ಟೂರ್ನಿ ಸುಬ್ರೊತೊ ಕಪ್‌ನಲ್ಲೂ ಹುಡುಗಿಯರ ವಿಭಾಗ ಉಂಟು, ನೋಡಲು ಸಂತೋಷ ಆಗುತ್ತದೆ.

ನಾನು ಮನೆಯಲ್ಲಿ ಭಾರೀ ಮೆತ್ತಗೆ ಮಾತಾಡುವ ಹುಡುಗಿ. ನೆಹರೂ ಮೈದಾನದಲ್ಲಿ ಆಗಸ್ಟ್ ಮಳೆಗೆ ಆಡಿದವರಿಗೆ ಗೊತ್ತಿರುತ್ತದೆ, ಹೊಡೆದ ಬಾಲ್ ನೀರಲ್ಲಿ ನಿಂತುಬಿಡುತ್ತದೆ, ಪಕ್ಕದವಳ ಮುಖವೂ ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಕೂಗಲೇಬೇಕು. "ನಂದು!" "ಹಿಂದೆ ಇದ್ದಾಳೆ!" "ಟೈಮ್ ಉಂಟು, ತಿರುಗು!" ಬಾಲ್ ಹಿಡಿದವಳಿಗೆ ಬೆನ್ನ ಹಿಂದೆ ಕಣ್ಣಿಲ್ಲ, ನಾವೇ ಅವಳ ಕಣ್ಣು ಅಂತ ಸರ್ ಹೇಳುತ್ತಿದ್ದರು. ನಾನು ಕೂಗದೆ ಸುಮ್ಮನಿದ್ದರೆ ಅವಳಿಗೆ ಕಾಲಿಗೆ ಏಟು. ಹಾಗಾಗಿ ನಾಚಿಕೆ ಬಿಟ್ಟು ಕೂಗಲು ಕಲಿತೆ.

ಈಗ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ. ಡ್ರಿಪ್‌ಗೆ ಹಾಕುವ ಮದ್ದಿನ ಲೆಕ್ಕದಲ್ಲಿ ಏನೋ ಸರಿ ಇಲ್ಲ ಅನಿಸಿದರೆ ಎದುರಿಗೆ ಎಷ್ಟು ದೊಡ್ಡ ಡಾಕ್ಟರ್ ಇದ್ದರೂ "ಸರ್, ಒಂದ್ಸಲ ನೋಡಿ" ಅಂತ ಗಟ್ಟಿಯಾಗಿ ಹೇಳುತ್ತೇನೆ. ಆ ಗಂಟಲು ನನಗೆ ಮೈದಾನ ಕೊಟ್ಟದ್ದು. ಅಮ್ಮ, ನಿಮ್ಮ ಮಗ ಗೋಲಿ ಅಂದಿರಲ್ಲ, ಇಡೀ ಮೈದಾನ ಕಾಣುವುದು ಅವನಿಗೇ. ಬೆಂಚಿನಿಂದಲೂ ಚೆನ್ನಾಗಿ ಕಾಣುತ್ತದೆ. ಮ್ಯಾಚ್ ಮುಗಿಸಿ ಬಂದ ದಿನ, "ಆಡಿಸಿದ್ರಾ?" ಅಂತ ಕೇಳಬೇಡಿ. "ಇವತ್ತು ಏನು ನೋಡಿದೆ?" ಅಂತ ಕೇಳಿ. ಮಾತಾಡುತ್ತಾನೆ.

ಮತ್ತೆ: ಎಂಟನೇ ಕ್ಲಾಸಿನ ಅಮ್ಮ

ಇಷ್ಟು ಪ್ರೀತಿಯಿಂದ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಮೇಷ್ಟ್ರ ಉತ್ತರವನ್ನು ಯಜಮಾನರಿಗೆ ಓದಿ ಹೇಳಿದೆ. ನಿನ್ನೆ ಬೆಳಿಗ್ಗೆ ಅವರೇ ಮಗನನ್ನು ಬಿಡಲು ಹೋಗಿ, ಪ್ರಾಕ್ಟೀಸ್ ಮುಗಿಯುವವರೆಗೂ ನಿಂತಿದ್ದು ಬಂದರು. ಸರ್ ಒಳ್ಳೆಯವರ ಹಾಗೆ ಕಾಣುತ್ತಾರೆ, ಸಣ್ಣ ಮಕ್ಕಳಿಗೂ ಹೆಸರು ಹಿಡಿದು ಕರೆದು ಹೇಳಿಕೊಡುತ್ತಾರೆ ಅಂದರು. ಬೈಗುಳದ ವಿಷಯವನ್ನೂ ಮಾತಾಡಿದ್ದಾರೆ.

ಅವರ ಎರಡು ಪ್ರಶ್ನೆ ಇನ್ನೂ ಉಳಿದಿದೆ. ಮುಂದೆ ಫುಟ್‌ಬಾಲಿನಲ್ಲಿ ಏನಿದೆ? ಪರೀಕ್ಷೆ ಹತ್ತಿರ ಬಂದಾಗ ಪ್ರಾಕ್ಟೀಸ್ ನಿಲ್ಲಿಸಬೇಕಾ?

ಉತ್ತರ: ನಿವೃತ್ತ ಪಿಟಿ ಮೇಷ್ಟ್ರು

ಯಜಮಾನರು ಹೋಗಿ ನಿಂತಿದ್ದು ಕೇಳಿ ಮನಸ್ಸಿಗೆ ಬಹಳ ಸಮಾಧಾನ ಆಯಿತು. ತಿಂಗಳಿಗೊಮ್ಮೆಯಾದರೂ ಹೋಗಲಿ. ಅಪ್ಪ ಬಂದು ನಿಂತಿದ್ದಾರೆ ಅಂದರೆ ಬೆಂಚಿನ ಹುಡುಗನಿಗೂ ಬೆನ್ನು ನೆಟ್ಟಗಾಗುತ್ತದೆ.

ಮುಂದೆ ಏನಿದೆ ಅಂದರೆ, ಆಟವನ್ನೇ ಕೆಲಸ ಮಾಡಿಕೊಳ್ಳುವವರು ಬಹಳ ಕಡಿಮೆ. ಇದನ್ನು ಮಕ್ಕಳಿಗೆ ಮುಚ್ಚಿಡಬಾರದು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಕರ್ನಾಟಕ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಹಿಂದಿನ ಸಲ ಗೆದ್ದದ್ದು ಅದಕ್ಕೂ 54 ವರ್ಷ ಮುಂಚೆ. ಆಗ ನಮ್ಮ ರಾಜ್ಯದ ಹೆಸರೇ ಮೈಸೂರು. ಆ ರಾತ್ರಿ ನನ್ನ ಹಳೆಯ ಹುಡುಗರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿದರು. ಅವರಲ್ಲಿ ಒಬ್ಬ ಆಟೋ ಓಡಿಸುತ್ತಾನೆ, ಒಬ್ಬ ಬ್ಯಾಂಕಿನಲ್ಲಿದ್ದಾನೆ, ಒಬ್ಬನದು ಶಿವಾಜಿನಗರದಲ್ಲಿ ಸಣ್ಣ ಅಂಗಡಿ. ಕೋವಿಡ್ ಹೊತ್ತಿನಲ್ಲಿ ಆಟೋ ನಿಂತುಹೋಗಿ ಆ ಹುಡುಗನ ಮನೆಗೆ ಕಷ್ಟ ಬಂದಾಗ, ಅಂಗಡಿಯವನೇ ಅಕ್ಕಿ ಬೇಳೆ ತಲುಪಿಸಿದ್ದ. ಇಬ್ಬರೂ ಒಂದೇ ಟೀಮಿನ ಡಿಫೆಂಡರ್‌ಗಳು. ನಾನು ಆಗಲೇ ಹೇಳಿದೆನಲ್ಲ, ಗೋಲಿಯ ಮೇಲೆ ಕೂಗಾಡಿದ ಇಬ್ಬರು, ಅವರೇ ಇವರು. ಈ ಹುಡುಗರು ಯಾರೂ ಪೇಪರಿನಲ್ಲಿ ಬರಲಿಲ್ಲ. ಆದರೆ ಇವರು ನಿಂತ ಕಡೆ ನಂಬಿಕೆ ಇಟ್ಟು ನಿಲ್ಲಬಹುದು ಅಂತ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಪರೀಕ್ಷೆಗೆ ಪೂರ್ತಿ ನಿಲ್ಲಿಸಬೇಡಿ. ಪರೀಕ್ಷೆ ವಾರದಲ್ಲಿ ರಜೆ ಕೇಳಲಿ, ಆದರೆ ಅವನೇ ಹೋಗಿ ಸರ್ ಹತ್ತಿರ ಕೇಳಲಿ. ನೀವು ಫೋನ್ ಮಾಡಬೇಡಿ. ಉಳಿದ ದಿನಗಳಲ್ಲಿ ರಾತ್ರಿ ಒಂಬತ್ತೂವರೆಗೆ ಮಲಗಿಸಿ. ನಿದ್ದೆ ಕಡಿಮೆಯಾದರೆ ಕ್ಲಾಸಿನಲ್ಲಿ ತೂಕಡಿಸುತ್ತಾನೆ, ಬೈಸಿಕೊಳ್ಳುವುದು ಫುಟ್‌ಬಾಲ್. ಬೆಳಿಗ್ಗೆ ಹೊರಡುವಾಗ ಒಂದು ಬಾಳೆಹಣ್ಣು, ಪ್ರಾಕ್ಟೀಸ್ ಮುಗಿದ ಮೇಲೆ ಹೊಟ್ಟೆ ತುಂಬ ತಿಂಡಿ. ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆ.

ಇನ್ನೊಂದು ವಿಷಯ. ಬೆಂಚಿನ ಹುಡುಗ ತಾನೇ, ಈಗಲೇ ಯಾಕೆ ಅಂತ ಎಷ್ಟೋ ಮನೆಯವರು ಶಿನ್ ಗಾರ್ಡ್ (ಮೊಣಕಾಲ ಕೆಳಗಿನ ಮೂಳೆಗೆ ಏಟು ಬೀಳದಂತೆ ಹಾಕುವ ಕವಚ) ಕೊಡಿಸುವುದಿಲ್ಲ. ನಿಯಮದ ಪ್ರಕಾರ ಅದು ಕಡ್ಡಾಯ, ಹಾಕಿಕೊಳ್ಳದವನನ್ನು ರೆಫರಿ ಮೈದಾನಕ್ಕೆ ಬಿಡಲ್ಲ. ಗೋಲಿಯ ಗ್ಲೌಸ್ ಶಾಲೆಯಲ್ಲಿ ಸಿಗಬಹುದು, ಶಿನ್ ಗಾರ್ಡ್ ಮಾತ್ರ ಅವನದೇ ಇರಲಿ, ಅವನ ಕಾಲಿನ ಅಳತೆಗೆ. ಮುಂದಿನ ಮ್ಯಾಚಿಗೆ ಮುಂಚೆ ಕೊಡಿಸಿ. ಸರ್ ಯಾವಾಗ ಕರೆಯುತ್ತಾರೋ ಹೇಳಲು ಆಗಲ್ಲ.