ಅಣ್ಣನ ರಿಪೋರ್ಟ್‌ನಲ್ಲಿ ‘ರಿಯಾಕ್ಟಿವ್’ ಅಂತ ಬಂದಿದೆ, ಮುಂದೇನು?

ಹಾವೇರಿ_ತಮ್ಮ:
ಅಣ್ಣನಿಗೆ ಹರ್ನಿಯಾ ಆಪರೇಷನ್ ಅಂತ ರಕ್ತ ಪರೀಕ್ಷೆ ಮಾಡಿಸಿದೆವು. ಎಚ್‌ಐವಿ ಎದುರು ‘ರಿಯಾಕ್ಟಿವ್’ ಅಂತ ಬರೆದಿದೆ. ಕೌಂಟರ್‌ನಲ್ಲಿದ್ದವರು ಎಲ್ಲರೆದುರೇ ಗಟ್ಟಿಯಾಗಿ ಹೇಳಿಬಿಟ್ಟರು. ನಿನ್ನೆಯಿಂದ ಅಣ್ಣ ಊಟ ಮುಟ್ಟಿಲ್ಲ. ಇದೇ ಕೊನೆಯ ಮಾತಾ? ಮಾತ್ರೆ ಜೀವನಪೂರ್ತಿನಾ?

ಲ್ಯಾಬ್_ಮೇಷ್ಟ್ರು:
ರಿಯಾಕ್ಟಿವ್ ಅಂದರೆ ಆ ಟೆಸ್ಟ್ ಕಿಟ್‌ನಲ್ಲಿ ಸೋಂಕಿನ ಸುಳಿವು ಕಂಡಿದೆ ಅಂತಷ್ಟೇ. ಒಂದೇ ಕಿಟ್ ನೋಡಿ ಪಾಸಿಟಿವ್ ಅಂತ ಹೇಳೋ ಹಾಗಿಲ್ಲ. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಕೇಂದ್ರ) ಕರೆದುಕೊಂಡು ಹೋಗಿ. ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ನೋಡುತ್ತಾರೆ, ಮೂರೂ ರಿಯಾಕ್ಟಿವ್ ಆದರೆ ಮಾತ್ರ ಪಾಸಿಟಿವ್. ದುಡ್ಡು ಕೊಡಬೇಕಿಲ್ಲ. ಇನ್ನು, ಹಾಗೆ ಎಲ್ಲರೆದುರು ಕೂಗಿ ಹೇಳುವುದು 2017ರ ಎಚ್‌ಐವಿ ಕಾಯ್ದೆ ಪ್ರಕಾರ ತಪ್ಪು.

ರಾತ್ರಿ_ಒಂಬತ್ತರ_ಮಾತ್ರೆ:
ತಮ್ಮಾ, ನನಗೆ ಗೊತ್ತಾಗಿದ್ದು 2012ರಲ್ಲಿ. ಆಗ ಸಿಡಿ ಫೋರ್ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಲೆಕ್ಕ) 350ಕ್ಕಿಂತ ಕೆಳಗಿಳಿಯುವ ತನಕ ಮಾತ್ರೆ ಕೊಡುತ್ತಿರಲಿಲ್ಲ. ಎರಡು ವರ್ಷ ಸುಮ್ನೆ ಕಾದೆ. 2017ರಿಂದ ಆ ಕಾಯುವಿಕೆ ಇಲ್ಲ. ಪಾಸಿಟಿವ್ ಆದವರಿಗೆಲ್ಲ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಸೆಂಟರ್‌ನಲ್ಲಿ ಉಚಿತವಾಗಿ ಶುರು ಮಾಡುತ್ತಾರೆ. ಮೊದಲು ಕೆಮ್ಮು, ಜ್ವರ, ತೂಕ ಇಳಿದಿದೆಯಾ ಅಂತ ಕೇಳಿ ಟಿಬಿ ಇಲ್ಲ ಅಂತ ನೋಡಿಕೊಳ್ಳುತ್ತಾರೆ. ಅದನ್ನು ಮುಚ್ಚಿಡಬೇಡಿ.

ನನ್ನ ಮೊದಲ ಮಾತ್ರೆಯಲ್ಲಿ ಎಫಾವಿರೆಂಜ್ ಇತ್ತು. ನುಂಗಿ ಮಲಗಿದರೆ ಚಿತ್ರವಿಚಿತ್ರ ಕನಸು, ಎದ್ದರೆ ತಲೆ ಗಿರ್ರ್ ಅನ್ನೋದು. 2021ರಲ್ಲಿ ಟಿಎಲ್‌ಡಿಗೆ ಬದಲಾಯಿಸಿದರು: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಗುಳಿಗೆಯಲ್ಲಿ. ಕನಸಿನ ಕಾಟ ಹೋಯ್ತು. ಆದರೆ ಗ್ಯಾಸ್ಟ್ರಿಕ್ ಅಂತ ಆಂಟಾಸಿಡ್ ಜೊತೆಗೇ ನುಂಗಬಾರದು, ಔಷಧಿ ಮೈಗೆ ಹತ್ತಲ್ಲ. ಡಾಕ್ಟರ್ ಹತ್ತಿರ ಕೇಳಿ.

ಹೌದು, ಜೀವನಪೂರ್ತಿ. ಡಬ್ಬಿಯಲ್ಲಿ 30 ಮಾತ್ರೆ ಇರುತ್ತೆ, ಬಸ್ಸಲ್ಲಿ ಗಲಗಲ ಅನ್ನುತ್ತೆ. ನಾನು ಹತ್ತಿ ತುರುಕಿ, ಚೀಟಿ ಕಿತ್ತು ಇಟ್ಟುಕೊಳ್ತೀನಿ. ಪಕ್ಕದಲ್ಲಿ ಕೂತವರಿಗೆ ಯಾಕೆ ಬೇಕು ನಮ್ಮ ವಿಷಯ, ಅಲ್ವಾ? ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡಿದರು. ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಅಂತ ಬಂತು, ಅಂದರೆ ಪರೀಕ್ಷೆಯಲ್ಲಿ ವೈರಸ್ ಕಾಣಿಸಲಿಲ್ಲ. ಹಾಗೇ ಉಳಿದರೆ ದೈಹಿಕ ಸಂಬಂಧದಿಂದ ಇನ್ನೊಬ್ಬರಿಗೆ ಹರಡಲ್ಲ. ಆದರೆ ಮಾತ್ರೆ ಮಧ್ಯೆ ಮಧ್ಯೆ ಬಿಟ್ಟರೆ ವೈರಸ್ ಮತ್ತೆ ತಲೆ ಎತ್ತುತ್ತೆ, ಔಷಧಿಗೂ ಬಗ್ಗಲ್ಲ.

ಹಾವೇರಿ_ತಮ್ಮ:
ಅತ್ತಿಗೆಗೂ ಮಾಡಿಸಬೇಕಾ?

ಲ್ಯಾಬ್_ಮೇಷ್ಟ್ರು:
ಅಣ್ಣನಿಗೆ ಪಾಸಿಟಿವ್ ಅಂತ ಖಚಿತವಾದರೆ ಮಾಡಿಸಲೇಬೇಕು. ಆದರೆ ಅವರಿಗೆ ಅಣ್ಣನೇ ಹೇಳಲಿ, ಕೌನ್ಸೆಲರ್ ಜೊತೆಗಿರುತ್ತಾರೆ. ನೀವು ಮೊದಲೇ ಬಾಯಿ ಬಿಡಬೇಡಿ.

ಹಾವೇರಿ_ತಮ್ಮ:
ಸರಿ ಸರ್. ಸೋಮವಾರ ಬೆಳಿಗ್ಗೆ ಹೋಗ್ತೀವಿ. ಈಗ ಅರ್ಧ ರೊಟ್ಟಿ ತಿಂದ.