ತೀರ್ಥಹಳ್ಳಿ ಕಡೆ ಹೊಸ ಮನೆ: ಸೋಲಾರ್, ಗೀಸರ್, ಬಚ್ಚಲೊಲೆ, ಯಾವುದಕ್ಕೆ ದುಡ್ಡು ಹಾಕಲಿ?

ತುಂಗಾತೀರದವ:
ತೀರ್ಥಹಳ್ಳಿಯಿಂದ ಆಗುಂಬೆ ದಿಕ್ಕಿಗೆ, ಹಳೇ ಮನೆ ಪಕ್ಕದಲ್ಲೇ 1,100 ಚದರಡಿ ಮನೆ ಶುರು ಮಾಡಿದೀನಿ. ಗೋಡೆ ಜಂಬಿಟ್ಟಿಗೆ, ಅದರಲ್ಲಿ ತಕರಾರಿಲ್ಲ. ಆರ್‌ಸಿಸಿ ಹಾಕಿ, ಸೋರುತ್ತೆ ಅಂತ ಅದರ ಮೇಲೆ ಎಲ್ಲರ ಹಾಗೆ ತಗಡು ಹೊದೆಸೋದು. ಜಗಳ ಇರೋದು ಸ್ನಾನದ ನೀರಿಂದು. ಐದು ಜನ ನಾವು. ಮಗಳಿಗೆ ಸೋಲಾರ್ ಬೇಕು, ಹೆಂಡತಿಗೆ ಗೀಸರ್ ಸಾಕು. ಅಮ್ಮ ಬಚ್ಚಲೊಲೆ ಇಲ್ಲದ ಮನೆಗೆ ಕಾಲಿಡಲ್ಲ ಅಂತ ಕೂತಿದಾರೆ. ಸೋಲಾರ್‌ಗೆ 200 ಲೀಟರಿನದು 38,000 ಅಂತ ಕೊಟೇಶನ್ ಬಂದಿದೆ, ಸ್ಟ್ಯಾಂಡು ಪೈಪು ಬೇರೆ. ಇನ್ನೊಬ್ಬ ಹೀಟ್ ಪಂಪ್ (ಸುತ್ತಲ ಗಾಳಿಯ ಬಿಸಿ ಎಳ್ಕೊಂಡು ನೀರು ಕಾಯಿಸೋ ಯಂತ್ರ) ಹಾಕ್ಸಿ ಅಂತ ದಿನಾ ಫೋನ್ ಮಾಡ್ತಾನೆ. ಬಳಸಿ ನೋಡಿದವರು ಲೆಕ್ಕ ಹೇಳಿ ಮಾರಾಯ್ರೆ.

ಮೀಟರ್ ರೀಡಿಂಗ್:
ಮೊದಲು ಎಷ್ಟು ಕರೆಂಟು ಬೇಕು ಅಂತ ನೋಡಿ. ಐದು ಜನ, ತಲೆಗೊಂದು 20 ಲೀಟರ್ ಬಕೆಟ್ ಅಂದ್ರೆ 100 ಲೀಟರ್. ಬಾವಿ ನೀರು 22 ಡಿಗ್ರಿ, ಮೈಗೆ ಬೇಕಾಗಿದ್ದು 42. ಒಂದು ಲೀಟರನ್ನ ಒಂದು ಡಿಗ್ರಿ ಏರಿಸೋಕೆ 4.2 ಕಿಲೋಜೌಲ್. ಗುಣಿಸಿದ್ರೆ 8,400 ಕಿಲೋಜೌಲ್; ಒಂದು ಯೂನಿಟ್ ಅಂದ್ರೆ 3,600, ಹಾಗಾಗಿ ದಿನಕ್ಕೆ 2.3 ಯೂನಿಟ್. ಪೋಲಾಗೋದೆಲ್ಲ ಸೇರಿಸಿ 2.5 ಇಟ್ಕೊಳ್ಳಿ. ಯೂನಿಟ್ಟಿಗೆ 6 ರೂಪಾಯಿ ಹಿಡಿದ್ರೆ ದಿನಕ್ಕೆ 15, ವರ್ಷಕ್ಕೆ ಐದೂವರೆ ಸಾವಿರದ ಒಳಗೆ.

ನಿಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸೋಲಾರ್ ಬರೀ ಅಲಂಕಾರ. ಉಳಿದ 240 ದಿನಕ್ಕೆ ಉಳಿಯೋದು 3,600. ಬಡ್ಡಿ ಬಿಟ್ರೂ 38,000 ವಾಪಸ್ ಬರೋಕೆ ಹತ್ತು ವರ್ಷ ದಾಟುತ್ತೆ. ಹೀಟ್ ಪಂಪ್ ಮೂರನೇ ಒಂದು ಪಾಲು ಕರೆಂಟಲ್ಲಿ ಕೆಲಸ ಮಾಡೋದು ನಿಜ, ಆದ್ರೆ ಅದು ಲಾಡ್ಜ್, ಹಾಸ್ಟೆಲ್‌ನವರ ಲೆಕ್ಕ. ಐದು ಬಕೆಟಿಗೆ ಯಾಕೆ?

ಇನ್ನೊಂದು: ಹೊಸ ಮೀಟರಿಗೆ ಗೃಹಜ್ಯೋತಿಯಲ್ಲಿ ಶುರುವಿಗೆ ಪುಕ್ಕಟೆ ಸಿಗೋದು ತಿಂಗಳಿಗೆ 58 ಯೂನಿಟ್ (ರಾಜ್ಯದ ಮನೆಗಳ ಸರಾಸರಿ 53, ಮೇಲೆ ಶೇ. 10). ಗೀಸರ್ ಒಂದೇ ತಿಂಗಳಿಗೆ 75 ತಿನ್ನುತ್ತೆ. ಒಟ್ಟು 200 ದಾಟಿದ್ರೆ ಪೂರ್ತಿ ಬಿಲ್ಲು ನಿಮ್ಮದೇ.

ದೊಡ್ಡಬಳ್ಳಾಪುರ ಬೋರ್:
ಸೋಲಾರ್ ಹಾಕ್ಸಿ ಸರ್, ನಮ್ಮಲ್ಲಿ ವರ್ಷದಲ್ಲಿ ಇಪ್ಪತ್ತು ದಿನ ಗೀಸರ್ ಹಾಕಿದ್ರೆ ಹೆಚ್ಚು. ನಮಗೆ ಕಾಟ ಅಂದ್ರೆ ಬೋರ್‌ವೆಲ್‌ನ ಗಡಸು ನೀರು, ತಾಮ್ರದ ಪೈಪಲ್ಲಿ ಸುಣ್ಣ ಕಟ್ಟುತ್ತೆ. ಅದಕ್ಕೇ ಗಾಜಿನ ಟ್ಯೂಬಿಂದು ತಗೊಂಡ್ವಿ.

ಸಾಗರದ ಸೊಸೆ:
ದೊಡ್ಡಬಳ್ಳಾಪುರದವರೇ, ಒಂದು ಜುಲೈ ನಮ್ಮನೆಗೆ ಬನ್ನಿ!

ನಾವು ಸೋಲಾರ್ ಹಾಕಿಸಿ ಆರು ವರ್ಷ. ಚಳಿಗಾಲದಲ್ಲಿ ಸುಖ, ಸುಳ್ಳು ಹೇಳಲ್ಲ. ಆದ್ರೆ ಕೊಟೇಶನ್ನಲ್ಲಿ ಇಲ್ಲದ ಖರ್ಚು ಕೇಳಿ. ತಣ್ಣೀರ ಟ್ಯಾಂಕು ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿ ಇರಬೇಕು. ತಗಡಿನ ಮಾಡಿನ ಮೇಲೆ ಸೋಲಾರ್, ಅದಕ್ಕಿಂತ ಮೇಲೆ ಟ್ಯಾಂಕು, ಅದಕ್ಕೆ ಕಬ್ಬಿಣದ ಸ್ಟ್ಯಾಂಡು. ನಮಗೆ ಇದಕ್ಕೇ 14,000 ಆಯ್ತು. ಬಚ್ಚಲು ಇರೋದು ಮನೆ ಹಿಂದಿನ ತುದಿಗೆ. 20 ಮೀಟರ್ ಮುಕ್ಕಾಲು ಇಂಚಿನ ಪೈಪಿನಲ್ಲಿ ಐದೂವರೆ ಲೀಟರ್ ನೀರು ನಿಂತಿರುತ್ತೆ, ಬೆಳಿಗ್ಗೆ ಪ್ರತಿಯೊಬ್ಬರೂ ಅಷ್ಟು ತಣ್ಣೀರು ಚೆಲ್ಲಿ ಆಮೇಲೆ ಸ್ನಾನ. ನೀವು ಏನೇ ಹಾಕ್ಸಿ, ಬಚ್ಚಲು ಅಡಿಗೆಮನೆ ಒತ್ತಿಗಿರಲಿ. ನಕ್ಷೆ ತಿದ್ದೋಕೆ ಪೆನ್ಸಿಲ್ ಸಾಕು.

ಮತ್ತೆ ಅಮ್ಮನ ಮಾತು ತಳ್ಳಿಹಾಕಬೇಡಿ. ಅಡಿಕೆ ಸಿಪ್ಪೆ, ಸೋಗೆ ದಂಟು, ಕರಟ, ಎಲ್ಲಾ ನಿಮ್ಮ ತೋಟದ್ದೇ. ಮಳೆಗಾಲದಲ್ಲಿ ಬಟ್ಟೆ ಒಣಗೋದು ಎಲ್ಲಿ ಹೇಳಿ? ಬಚ್ಚಲೊಲೆ ಮೇಲಿನ ಗಳುವಿನಲ್ಲಿ. ನಾವು ಒಲೆ ತೆಗೆಸಿದ ವರ್ಷ ಮಗನ ಯೂನಿಫಾರ್ಮ್ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿದ್ದೇ ಒಣಗಿಸಿದ್ದು. ಆ ಕರೆಂಟನ್ನ ಯಾರ ಲೆಕ್ಕದಲ್ಲಿ ಬರೀತೀರಿ? ಈಗ ಹೊರಗೆ ಕೊಟ್ಟಿಗೆ ಹತ್ರ ಮತ್ತೆ ಒಲೆ ಹಾಕಿದೀವಿ. ಒಂದೇ ಷರತ್ತು, ಹೊಗೆ ಹೊರಗೆ ಹೋಗಬೇಕು. ಅತ್ತೆಯ ಕೆಮ್ಮು ಹಳೇ ಒಲೆಯ ಆಸ್ತಿ. ಬೆಂಗಳೂರಿನ ಐಐಎಸ್‌ಸಿಯವರ ಅಸ್ತ್ರ ಒಲೆಯ ಥರ ಚಿಮಣಿ ಕಟ್ಟೋ ಕೈ ಗೊತ್ತಿರೋ ಗಾರೆಯವರು ಈಗ್ಲೂ ಇದಾರೆ, ಹುಡುಕಿ.

ಮೀಟರ್ ರೀಡಿಂಗ್:
ಬಟ್ಟೆ ಒಣಗ್ಸೋದು ನನ್ನ ಲೆಕ್ಕದಲ್ಲಿ ಇರ್ಲಿಲ್ಲ, ಒಪ್ಪಿದೆ.

ತುಂಗಾತೀರದವ:
ನಿನ್ನೆ ಮೇಸ್ತ್ರಿ ಜೊತೆ ಕೂತು ಬಚ್ಚಲನ್ನ ಅಡಿಗೆಮನೆ ಗೋಡೆಗೆ ತಂದೆ. ಒಲೆಯ ಬಾಯಿ ಹೊರಗಡೆಗೆ, ಹಂಡೆ ಒಳಗೆ. ಗೀಸರ್ 15 ಲೀಟರಿಂದು ಒಂದು, ನೆಂಟರು ಬಂದಾಗಿಗೆ. ಸೋಲಾರ್‌ಗೆ ಪೈಪು ಮಾತ್ರ ಗೋಡೆಯೊಳಗೆ ಬಿಟ್ಟಿರ್ತೀನಿ, ಮಗಳು ದುಡಿದು ಹಾಕ್ಕೊಳ್ಳಲಿ. ಅಮ್ಮನಿಗೆ ಹೇಳಿದ್ರೆ, "ಹಂಡೆ ತಾಮ್ರದ್ದೇ ತಾನೆ?" ಅಂದ್ರು. ಹಳೇ ಮನೆ ಹಂಡೆಗೆ ತಳದಲ್ಲಿ ತೂತು ಬಿದ್ದಿದೆ. ಶಿವಮೊಗ್ಗದಲ್ಲಿ ತಾಮ್ರಕ್ಕೆ ಬೆಸುಗೆ ಹಾಕೋರು ಯಾರಾದ್ರೂ ಉಳಿದಿದಾರಾ?